ಬತ್ತದ ಬಾಟಲಿ

ಔಷಧ ಕುಡಿಯುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಕಷ್ಟವಾದದ್ದು ಔಷಧವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು. ಕುಡಿಯುವುದು ಒಂದು ಗುಟುಕಿನ ಸಂಕಟ. ಮೂಗು ಹಿಡಿದು ನುಂಗಿ, ಹಿಂದೆಯೇ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ತೀರಿತು. ಇಟ್ಟುಕೊಳ್ಳುವುದು ಹಾಗಲ್ಲ. ಒಬ್ಬರ ಹೆಸರಿನಲ್ಲಿ ಬಂದ ಔಷಧ ಹೊಸ್ತಿಲು ದಾಟಿದ ಕೂಡಲೇ ಮನೆಮಂದಿಗೆಲ್ಲ ಸೇರಿದ್ದಾಗಿಬಿಡುತ್ತದೆ. ಕೆಮ್ಮಿದವರು ಅದರ ಕಡೆ ನೋಡುತ್ತಾರೆ, ಸೀನಿದವರು ಅದರ ಕಡೆ ನೋಡುತ್ತಾರೆ. ಆಗ ನಾನು ಹಳಿಯಾಳದ ಕನ್ನಡ ಶಾಲೆಯಲ್ಲಿ ಮಾಸ್ತರ. ಮಕ್ಕಳಿಗೆ ಆರೋಗ್ಯದ ಪಾಠವನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಮಾಸ್ತರರನ್ನು ನೋಡಿಯೇ ಹುಟ್ಟಿರಬೇಕು.

ನಮ್ಮ ಕಡೆ ಆ ದಿನಗಳಲ್ಲಿ ಚಳಿಜ್ವರಕ್ಕೆ ಬರಗಾಲವಿರಲಿಲ್ಲ. ಮಳೆ ಹಿಂದೆಗೆದು ಗದ್ದೆಯ ನೀರು ನಿಂತಲ್ಲೇ ನಿಂತಿತೆಂದರೆ ಅರ್ಧ ಊರು ಕಂಬಳಿ ಹೊದ್ದು ನಡುಗುತ್ತಿತ್ತು, ಉಳಿದರ್ಧ ಅವರಿಗೆ ಗಂಜಿ ಕಾಯಿಸುತ್ತಿತ್ತು. ದಾಂಡೇಲಿ, ಸೂಪಾ ಕಾಡುಗಳಿಂದ ಕಟ್ಟಿಗೆಯ ಗಾಡಿ ಹೊಡೆದುಕೊಂಡು ಬರುವವರು ಸಾಗವಾನಿಯ ಜೊತೆ ಜ್ವರವನ್ನೂ ಹೇರಿಕೊಂಡು ಬರುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು. ದವಾಖಾನೆಯಲ್ಲಿ ಕ್ವಿನೈನ್ ಕಲಸಿದ ಔಷಧ ಸಿಗುತ್ತಿತ್ತು. ಬಾಟಲಿ ಮಾತ್ರ ನಮ್ಮದೇ ಆಗಬೇಕು. ಖಾಲಿ ಬಾಟಲಿ ಒಯ್ಯದವನಿಗೆ ಔಷಧವೂ ಇಲ್ಲ. ಕಂಪೌಂಡರು ಅದರೊಳಗೆ ಔಷಧ ಸುರಿದು, ಕಾಗದದ ಪಟ್ಟಿಯೊಂದನ್ನು ಗರಗಸದ ಹಲ್ಲಿನ ಹಾಗೆ ಕತ್ತರಿಸಿ ಪಕ್ಕಕ್ಕೆ ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲೆಂದರೆ ಒಂದು ಸಲದ ಔಷಧ. ಓದು ಬಾರದವರಿಗೂ ತಿಳಿಯುವ ಲೆಕ್ಕ. ನಮ್ಮ ಮನೆಯ ಬಾಟಲಿ ಪೂರ್ವಾಶ್ರಮದಲ್ಲಿ ಹರಳೆಣ್ಣೆಯದಾಗಿತ್ತು. ಎಷ್ಟು ತೊಳೆದರೂ ಅದರ ಜಿಡ್ಡು ಹೋಗಿರಲಿಲ್ಲ. ಹೀಗಾಗಿ ನಮ್ಮಲ್ಲಿ ಯಾವ ರೋಗಕ್ಕೆ ಔಷಧ ತಂದರೂ ಮೊದಲು ಹೊಟ್ಟೆ ಸ್ವಚ್ಛವಾಗುತ್ತದೆ ಎಂದು ನನ್ನ ಹೆಂಡತಿ ಗಂಗವ್ವ ಅನ್ನುತ್ತಿದ್ದಳು.

ಆ ವರ್ಷ ಜ್ವರ ಹಿಡಿದದ್ದು ನಮ್ಮ ಅವ್ವನನ್ನು. ಹಿಡಿದ ಹೊತ್ತೂ ಒಳ್ಳೆಯದಾಗಿರಲಿಲ್ಲ. ಮಳಗಿ ಎಂಬ ಊರಿಗೆ ಕೊಟ್ಟಿದ್ದ ನನ್ನ ತಂಗಿ ನೀಲವ್ವನಿಗೆ ದಿನ ತುಂಬುತ್ತ ಬಂದಿದ್ದವು. ಹಿಂದಿನ ಹೆರಿಗೆಯಲ್ಲಿ ಅವಳು ಬದುಕಿ ಉಳಿದದ್ದೇ ಹೆಚ್ಚು. ಅತ್ತೆ ಇಲ್ಲದ ಮನೆ. ಅವ್ವ ಹೋಗದಿದ್ದರೆ ಬಾಣಂತಿಗೆ ನೀರು ಹಾಕುವವರೂ ಇಲ್ಲ. ಆದರೆ ಡಾಕ್ಟರು, "ಜ್ವರಾ ಬಿಡೂತನಕಾ ಗಾಡಿ ಹತ್ತಂಗಿಲ್ಲ" ಎಂದುಬಿಟ್ಟಿದ್ದರು. ಅವ್ವ ಜ್ವರಕ್ಕಿಂತ ಆ ಮಾತಿಗೇ ಹೆಚ್ಚು ಸೊರಗಿದಳು. ಔಷಧದ ಹೊತ್ತಾಯಿತೆಂದರೆ ಗಂಗವ್ವ ಕರೆಯುವ ಮೊದಲೇ ಎದ್ದು ಕೂಡುತ್ತಿದ್ದಳಂತೆ, ತಾನೇ ಸುರಿದುಕೊಂಡು ಮುಖ ಕಿವಿಚದೆ ಕುಡಿಯುತ್ತಿದ್ದಳಂತೆ. ಆದರೂ ಜ್ವರ ಜಪ್ಪಯ್ಯ ಅನ್ನಲಿಲ್ಲ.

ಇಲ್ಲಿ ಅವ್ವನ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಅವಳಿಗೆ ಒಬ್ಬಳೇ ತಿನ್ನುವುದು ಬರುತ್ತಿರಲಿಲ್ಲ. ಬಳ್ಳಿಯಲ್ಲಿ ಬಿಟ್ಟದ್ದು ಒಂದೇ ಹೀರೇಕಾಯಿಯಾದರೂ ಅದನ್ನು ಎರಡು ಹೋಳು ಮಾಡಿ ಒಂದನ್ನು ಪಕ್ಕದ ಮಾಬೂಬಿಗೆ ಕೊಡುವವಳು. ಮಾಬೂಬಿಯ ಗಂಡ ಇಮಾಮಸಾಬ ದಾಂಡೇಲಿಯಿಂದ ಕಟ್ಟಿಗೆ ತರುವ ಗಾಡಿಯವನು. ಎರಡು ಮನೆಗಳ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಂಡಿ. ಆ ಕಾಲದ ರೀತಿಯಂತೆ ಬೇಯಿಸಿದ್ದು ಕಿಂಡಿ ದಾಟುತ್ತಿರಲಿಲ್ಲ, ಮಿಕ್ಕಿದ್ದೆಲ್ಲ ದಾಟುತ್ತಿತ್ತು. ಹೋದ ಪಾತ್ರೆ ಬರಿದಾಗಿ ಮರಳುವ ಪದ್ಧತಿ ಮಾತ್ರ ಎರಡೂ ಮನೆಗಳಲ್ಲಿರಲಿಲ್ಲ. ಬೇಳೆ ಹೋದ ಬಟ್ಟಲಿನಲ್ಲಿ ಸಕ್ಕರೆ ಬರಬೇಕು, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಬರಬೇಕು. ಒಮ್ಮೆ ನಾನು ಅವರ ಕೊಡಲಿ ತಂದಿದ್ದೆ. ತಿರುಗಿ ಕೊಡಲು ಹೊರಟಾಗ ಅವ್ವ ತಡೆದು ನಿಲ್ಲಿಸಿ, ಕೊಡಲಿಯಲ್ಲಿ ತುಂಬಲು ಜಾಗವಿಲ್ಲವಲ್ಲ ಎಂದು ಅದರ ಹಿಡಿಗೆ ಮೆಣಸಿನಕಾಯಿಯ ಗಂಟು ಕಟ್ಟಿ ಕಳಿಸಿದ್ದಳು.

ಜ್ವರ ಬಿಡದ್ದನ್ನು ಕಂಡು ನಾನು ಅವ್ವನನ್ನೂ ಬಾಟಲಿಯನ್ನೂ ಕರೆದುಕೊಂಡು ದವಾಖಾನೆಗೆ ಹೋದೆ. ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಔಷಧ ಮೇಲಿನ ಹಲ್ಲಿಗೆ ಸರಿಯಾಗಿ ನಿಂತಿತ್ತು.

"ತಾಯೀ, ಔಷಧ ತಗೊಂಡ್ರೇನು?"

"ತಗೊಂಡೇನ್ರಿ."

"ಬಾಟ್ಲಿ ತುಂಬೇ ಐತಲ್ಲ?"

ಅವ್ವ ಕಂಬಳಿಯನ್ನು ಬಿಗಿಯಾಗಿ ಹೊದ್ದುಕೊಂಡಳು.

"ಕಿವಿ ಗುಂಯ್ ಅಂತಾವೇನು?"

"ಇಲ್ರಿ."

"ಇದನ್ನ ಕುಡದವರ ಕಿವಿ ಗುಂಯ್ ಅನ್ನಬೇಕು. ವಯಸ್ಸಾದವರು ನೀವು, ಔಷಧದಾಗ ಸುಳ್ಳು ಹೇಳಬಾರದು."

"ನಾ ಸುಳ್ಳು ಹೇಳಾಂಗಿಲ್ರಿ ಸಾಹೇಬರ" ಎಂದು ಅವ್ವ ನೆಲ ನೋಡಿದಳು. ಅಲ್ಲಿ ಬಾಟಲಿ ಹಿಡಿದು ನಿಂತಿದ್ದ ಅಷ್ಟು ಜನರ ಎದುರಿಗೆ ನನಗೆ ನಾಚಿಕೆಯಾಯಿತು. ಡಾಕ್ಟರು ಸ್ವಲ್ಪ ಯೋಚಿಸಿದರು. ಕುಡಿದಿದ್ದರೆ ಈ ಔಷಧ ಇವರಿಗೆ ನಾಟಿಲ್ಲ, ಕುಡಿಯದಿದ್ದರೆ ಜ್ವರ ಬಲಿತಿದೆ, ಹೇಗೆ ನೋಡಿದರೂ ಖಡಕ್ ಔಷಧವೇ ಆಗಬೇಕು ಎಂದು ತೀರ್ಮಾನಿಸಿ, ಹಳೆಯದನ್ನು ಚೆಲ್ಲಿಸಿ ಹೊಸದನ್ನು ತುಂಬಿಸಿದರು. "ಮಾಸ್ತರ, ಇನ್ನ ನೀವ ಎದುರಿಗೆ ನಿಂತು ಕುಡಸ್ರಿ" ಎಂದು ನನಗೆ ಅಪ್ಪಣೆಯಾಯಿತು. ಮಾಸ್ತರನಾದವನಿಗೆ ಇಷ್ಟು ಅಧಿಕಾರ ಸಿಕ್ಕರೆ ಕೇಳಬೇಕೆ? ದಾರಿಯುದ್ದಕ್ಕೂ ಅವ್ವನಿಗೆ ಆರೋಗ್ಯದ ಪಾಠ ಹೇಳಿದೆ. ನೀಲವ್ವನ ಹೆಸರು ತೆಗೆದು ಚುಚ್ಚಿದೆ ಕೂಡ. ಅವ್ವ ಸೆರಗಿನಿಂದ ಕಣ್ಣೊರಸಿಕೊಂಡು ನಡೆದಳು.

ಮನೆಗೆ ಬಂದು ಬಾಟಲಿಯನ್ನು ಅದರ ಮಾಮೂಲು ಜಾಗದಲ್ಲಿ, ಅವ್ವನ ಹಾಸಿಗೆಯ ಮೇಲಿನ ಗೂಡಿನಲ್ಲಿ ಇಟ್ಟೆ. ಕಾಲು ತೊಳೆದು ಒಳಗೆ ಬರುತ್ತೇನೆ, ಗೂಡಿನ ಪಕ್ಕದ ಕಿಂಡಿಯಿಂದ ಬಳೆ ತೊಟ್ಟ ಕೈಯೊಂದು ಈಚೆ ಬಂದಿದೆ.

"ಅಕ್ಕಾ, ಬಾಟ್ಲಿ ಸರಸ್ರಿ" ಎಂದಿತು ಮಾಬೂಬಿಯ ದನಿ. "ಇವತ್ತ ಮೊಮ್ಮಗಳ ಮೈನೂ ಕಾದೈತಿ. ಅಕೀಗೂ ಒಂದು ಹಲ್ಲು ಹಾಕ್ತೇನಿ."

ಅವಳ ಮೊಮ್ಮಗಳೆಂದರೆ ಇನ್ನೂ ತೊದಲು ಬಿಡದ ಕೂಸು. ಗೂಡಿನಲ್ಲಿದ್ದದ್ದು ಡಾಕ್ಟರು ಈಗಷ್ಟೇ ಖಡಕ್ ಮಾಡಿ ಕೊಟ್ಟ ಔಷಧ. ಆ ಕೈ ಬಾಟಲಿಯನ್ನು ಮುಟ್ಟುವ ಮೊದಲೇ ಅದನ್ನು ಕಸಿದುಕೊಂಡು ಕಿಂಡಿಗೆ ಮುಖ ಹಚ್ಚಿದೆ.

"ಚಾಚಿ, ಈ ಬಾಟ್ಲಿ ನಿಮ್ಮ ಮನೀಗೆ ಬರತಿತ್ತೇನು?"

"ದಿನಾ ಬರತೈತ್ರಿ. ನಮ್ಮವರಿಗೂ ಜ್ವರ ಬಂದೈತಿ, ದವಾಖಾನಿ ಅಂದ್ರ ಸೂಜಿ ಚುಚ್ಚತಾರಂತ ಅಂಜಿಕಿ. ಅಕ್ಕಾರ ನಾ ಕೇಳೂಕಿಂತ ಮೊದಲ ಕೊಟ್ರು."

"ಮತ್ತ ಔಷಧ ಕಮ್ಮಿ ಆಗಿಲ್ಲಲ್ಲ?"

ಕಿಂಡಿಯಾಚೆಯಿಂದ ನೊಂದ ದನಿಯಲ್ಲಿ ಉತ್ತರ ಬಂತು. "ಬಾಟ್ಲಿ ಬರೇದ ಮಾಡಿ ಕೊಡಾಕ ನಮಗ ರೀತಿ ರಿವಾಜ ಗೊತ್ತಿಲ್ಲೇನ್ರಿ ಮಾಸ್ತರ? ನೆಲಬೇವಿನ ಕಷಾಯ ಕಾಸಿ, ಕಾಗದದ ಹಲ್ಲು ನೋಡಿ, ಸಮಾ ಮೇಲಿನ ಹಲ್ಲಿಗೆ ಹಚ್ಚಿ ತುಂಬೇನಿ. ಒಂದು ಹನಿ ಕಮ್ಮಿ ಮಾಡಿಲ್ಲ, ಅಲ್ಲಾನ ಆಣಿ."

ಎಲ್ಲವೂ ತಿಳಿಯಿತು. ಕಂಪೌಂಡರು ಕತ್ತರಿಸಿದ ಹಲ್ಲು ಔಷಧದ ಅಳತೆಗಿಂತ ಹೆಚ್ಚಾಗಿ ಮಾಬೂಬಿಯ ಮರ್ಯಾದೆಯ ಅಳತೆಯಾಗಿತ್ತು. ಇತ್ತ ಅವ್ವನಿಗೆ ದಿನದಿನಕ್ಕೆ ಕ್ವಿನೈನ್ ಇಳಿದು ನೆಲಬೇವು ಏರುತ್ತಿತ್ತು. ಅತ್ತ ಮೊದಮೊದಲು ಅಸಲು ಔಷಧವನ್ನೇ ಕುಡಿದಿದ್ದ ಇಮಾಮಸಾಬ ಕಿವಿ ಗುಂಯ್‌ಗುಟ್ಟಿ, ಎತ್ತುಗಳು ಹಗ್ಗ ಬಿಚ್ಚಿಕೊಂಡು ಗಂಟೆ ಅಲ್ಲಾಡಿಸುತ್ತಿವೆಯೆಂದು ಮತ್ತೆ ಮತ್ತೆ ಎದ್ದು ಕೊಟ್ಟಿಗೆ ನೋಡಿ ಬರುತ್ತಿದ್ದನಂತೆ.

"ಅವ್ವಾ, ರುಚಿ ಬ್ಯಾರೆ ಅನಸಲಿಲ್ಲೇನು?" ಎಂದೆ.

"ಕಹಿ ಅಂದ್ರ ಕಹೀನ. ಅದರಾಗ ನೋಡೂದೇನೈತಿ?"

"ಡಾಕ್ಟರ ಮುಂದರ ಹೇಳಬಾರದೇನು?"

"ಕೊಟ್ಟದ್ದನ್ನ ನಾಲ್ಕ ಮಂದಿ ಮುಂದ ಹೇಳಿದ್ರ ಅದು ಕೊಟ್ಟಂಗೇನೋ? ಸುಳ್ಳಿ ಅಂದ್ರ ಅನಲಿ, ಮಾಬೂಬಿ ಹೆಸರ ಹೆಂಗ ತಗೀಲಿ?" ಎಂದಳು ಅವ್ವ. ದಾರಿಯುದ್ದಕ್ಕೂ ನಾನು ಹೇಳಿದ ಪಾಠ ನನಗೇ ನೆನಪಾಗಿ, ಅವಳ ಮುಖ ನೋಡಲಾಗಲಿಲ್ಲ.

ಮತ್ತೆ ದವಾಖಾನೆಗೆ ಮೆರವಣಿಗೆ ಹೊರಟಿತು. ಅವ್ವ, ಮಾಬೂಬಿ, ಅವಳ ಸೊಂಟದ ಮೇಲೆ ಕೂಸು, ಬಾಟಲಿ ಹಿಡಿದುಕೊಂಡು ನಾನು. ಡಾಕ್ಟರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲು ಕೂಸಿನ ಮೈ ಮುಟ್ಟಿ ನೋಡಿದರು. ಆಮೇಲೆ, "ಔಷಧ ಅಂದ್ರ ಹಂಚೂ ಪ್ರಸಾದ ಅಲ್ಲವ್ವಾ. ಇದು ಈ ತಾಯಿ ಮೈಗೆ ಅಳತಿ ತಗೊಂಡು ಹೊಲಿದ ಕುಪ್ಪಸ. ಕೂಸಿಗೆ ತೊಡಿಸಿದ್ರ ಉಸರ ಕಟ್ಟತೈತಿ" ಎಂದರು. ಮಾಬೂಬಿ ಕೂಸನ್ನು ಎದೆಗೆ ಅವುಚಿಕೊಂಡಳು. ಕೂಸಿಗೆ ಬೇರೆ ಔಷಧವಾಯಿತು. ಅವ್ವನಿಗೆ ಮೊದಲಿನ ಔಷಧವೇ ಮರಳಿ ಬಂತು. ಇಮಾಮಸಾಬನನ್ನು ಎಳೆದುಕೊಂಡಾದರೂ ಬರಬೇಕೆಂದು ತಾಕೀತಾಯಿತು. ಹೊರಡುವಾಗ ಡಾಕ್ಟರು, "ತಾಯೀ, ನಿಮಗ ಸುಳ್ಳು ಹೇಳತೀರಿ ಅಂದೆ, ತಪ್ಪಾತು" ಎಂದರು. "ನಿಮ್ದೇನು ತಪ್ಪರಿ, ಬಾಟ್ಲಿ ಹಂಗ ಸಾಕ್ಷಿ ಹೇಳ್ತು" ಎಂದು ಅವ್ವ ಅವರನ್ನೇ ಸಮಾಧಾನಪಡಿಸಿದಳು.

ಕೆಲವು ದಿನಗಳಲ್ಲಿ ಅವ್ವನ ಕಿವಿ ಗುಂಯ್ ಅಂದವು. ಅವಳ ಸಂತೋಷ ಹೇಳತೀರದು. ಓಣಿಯಲ್ಲಿ ಕಂಡವರಿಗೆಲ್ಲ ಕಿವಿ ತೋರಿಸಿ ಹೇಳಿದಳು. ಜ್ವರ ಬಿಟ್ಟಿತು, ಡಾಕ್ಟರು ಒಪ್ಪಿದರು, ಅವ್ವ ಗಾಡಿ ಹತ್ತಿ ಮಳಗಿಗೆ ಹೋದಳು. ನೀಲವ್ವನ ಹೆರಿಗೆ ಸುಸೂತ್ರವಾಯಿತು. ನಾನು ಇತ್ತ ಔಷಧದ ವಿಷಯದಲ್ಲಿ ಓಣಿಗೇ ಗುರುವಾದೆ. ಒಬ್ಬರ ಔಷಧ ಇನ್ನೊಬ್ಬರು ಮುಟ್ಟಬಾರದು, ಬಾಟಲಿಯ ಮೇಲೆ ಹೆಸರು ಬರೆಯಬೇಕು, ಕೂಸುಗಳ ಕೈಗೆ ಎಟುಕದಂತೆ ಇಡಬೇಕು ಎಂದು ಕಟ್ಟೆ ಸಿಕ್ಕಲ್ಲೆಲ್ಲ ಕುಳಿತು ಹೇಳಿದೆ. ಮಾಬೂಬಿ ಚಾಚಿ ಕಿಂಡಿಯಾಚೆಯಿಂದಲೇ ಎಲ್ಲವನ್ನೂ ಕೇಳಿಸಿಕೊಂಡಳು.

ಮರುವರ್ಷ ಜ್ವರ ನನಗೇ ಬಂತು. ಕ್ವಿನೈನಿನ ಕಹಿ ಎಂಥದೆಂದು ಗುರುಗಳಿಗೆ ಗೊತ್ತಾದದ್ದು ಆಗ. ಗಂಗವ್ವ ಗಡಿಯಾರದ ಹಾಗೆ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದಳು, ಚೆಲ್ಲಲು ದಾರಿಯಿರಲಿಲ್ಲ. ಒಂದು ದಿನ ಅವಳು ಹಿತ್ತಲಿಗೆ ಹೋದ ಸಮಯ ನೋಡಿ ನಾನು ಬಾಟಲಿಯನ್ನು ಕಿಂಡಿಯಲ್ಲಿ ಮೆಲ್ಲಗೆ ಸರಿಸಿದೆ.

"ಚಾಚಿ, ಇಮಾಮಸಾಬರಿಗೆ ಬೇಕಾದ್ರ ಒಂದೆರಡು ಹಲ್ಲು ತಗೋರಿ. ಸಂಕೋಚ ಬ್ಯಾಡ."

ಕೈ ಬಂದು ಬಾಟಲಿಯನ್ನು ತೆಗೆದುಕೊಂಡು ಹೋಯಿತು. ನನ್ನ ಜೀವ ಹೂವಾಯಿತು. ನೆಲಬೇವು ತುಂಬಿ ಬಂದರೂ ಚಿಂತೆಯಿಲ್ಲ, ಅದು ಇಷ್ಟು ಕಹಿ ಇರಲಾರದು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಾಟಲಿ ತಿರುಗಿ ಬಂತು. ಔಷಧ ಇದ್ದಲ್ಲೇ ಇತ್ತು. ಬಾಟಲಿಯ ಕೊರಳಿಗೆ ಅರಿವೆಯ ಸಣ್ಣ ಗಂಟೊಂದು ಕಟ್ಟಿತ್ತು.

"ನಿಮ್ಮ ಔಷಧ ನೀವ ಕುಡೀಬೇಕ್ರಿ ಮಾಸ್ತರ, ನೀವ ಹೇಳಿದ್ದು" ಎಂದಿತು ಕಿಂಡಿ. "ಬರೇದ ಕೊಡಬಾರದಂತ ಬೆಲ್ಲ ಇಟ್ಟೇನಿ. ಒಳಗ ಹಾಕಿಲ್ಲ, ಹೊರಗ ಕಟ್ಟೇನಿ."

ನಾನು ಗಂಟು ಬಿಚ್ಚಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಒಂದು ಚೂರೂ ಉಳಿಸದೆ ನುಂಗಿ ತಿರುಗಿದರೆ, ಗಂಗವ್ವ ಔಷಧದ ಖಾಲಿ ಬಟ್ಟಲು ಹಿಡಿದು ನಿಂತಿದ್ದಳು.