ಜಪಾನ್ ಪಕ್ಷ, ಲಂಡನ್ ಪಕ್ಷ

ಲೈವ್ ರೆಕಾರ್ಡಿಂಗ್ ಕೇಳುವ ಚಟ ಇರುವವನು ಹುಣಸೂರಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟುಕೊಂಡರೆ ನಗೆಪಾಟಲಾಗುವುದಕ್ಕೆ ಬೇರೆ ಮುಹೂರ್ತ ನೋಡಬೇಕಾಗಿಲ್ಲ, ಅದು ತಾನಾಗಿ ಆಗುತ್ತಲೇ ಇರುತ್ತದೆ.

ನಾನು ಮೆಚ್ಚಿದ್ದು ಎಪ್ಪತ್ತರ ದಶಕದ ಒಂದು ಇಂಗ್ಲಿಷ್ ರಾಕ್ ಬ್ಯಾಂಡನ್ನು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ತಕ್ಷಣ ಅವರ ಒಂದು ಹಾಡು ಗುನುಗುತ್ತೀರಿ, ಅದೂ ಸ್ಟುಡಿಯೋದಲ್ಲಿ ತೊಳೆದು ಇಸ್ತ್ರಿ ಮಾಡಿದ್ದನ್ನು, ನನಗೆ ಸಿಟ್ಟು ಬರುತ್ತದೆ. ಹಾಡುವವನು ಎರಡನೇ ಚರಣ ಮರೆತು ಬರೀ 'ಊಂ ಊಂ' ಅನ್ನುತ್ತಾನಲ್ಲ, ಅದು ಲೈವ್. ಆ 'ಊಂ ಊಂ' ಮುಂದೆ ಚರಣ ಯಾವ ಲೆಕ್ಕ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ಸೇರಿಸಿದರೂ ಇದು ಅರ್ಥವಾಗುವವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ಪಿರಿಯಾಪಟ್ಟಣದ ಡ್ರಾಯಿಂಗ್ ಮೇಷ್ಟ್ರು. ಮೊನ್ನೆಮೊನ್ನೆಯವರೆಗೂ ನಮ್ಮಿಬ್ಬರಿಗೆ ಮಾತಿರಲಿಲ್ಲ. 'ನೀನು ಹೇಳಿದ್ದೇ ಸರಿ' ಅನ್ನುವ ಮಾತನ್ನು ಅವರ ಬಾಯಿಂದ ಕೇಳಬೇಕು ಅನ್ನುವುದೊಂದೇ ಹದಿನೆಂಟು ವರ್ಷದಿಂದ ನನಗಿದ್ದ ಆಸೆ.

ಒಣ ಜಾರು

ನನ್ನ ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಅಲ್ಲಿ ನನ್ನ ಹಳೆಯ ಟೇಪ್‌ರೆಕಾರ್ಡರ್ ಇದೆ. ಕೊಡಗಿನ ಎಸ್ಟೇಟೊಂದರಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಊರಿನವರ ಸೆಟ್ಟನ್ನೆಲ್ಲ ಬಿಚ್ಚುವ ನಾನು ಅದರ ಒಂದು ಸ್ಕ್ರೂ ಕೂಡ ಮುಟ್ಟಿಲ್ಲ. ಅಂಥ ಸೆಟ್ಟಿಗೆ ಕೈ ಹಾಕಬಾರದು.

ಒಂದು ದಿನ ಕ್ಯಾಸೆಟ್ಟಿನಲ್ಲಿ ಗಿಟಾರಿನವನು ಒಂದೇ ತಂತಿಯ ಮೇಲೆ ನಾಲ್ಕು ನಿಮಿಷ ನಿಂತಿದ್ದ. ನಾನು ಕಣ್ಣು ಮುಚ್ಚಿ ಕೂತಿದ್ದೆ. ಮಿಕ್ಸಿ ಕೊಟ್ಟು ಹೋಗಿದ್ದ ಹೆಂಗಸು ಬಂದು ಬಾಗಿಲಲ್ಲಿ ನಿಂತರು.

"ಆಯ್ತೇನಣ್ಣ ನಮ್ ಮಿಕ್ಸಿ?"

"ಇನ್ನೂ ಮುಟ್ಟಿಲ್ಲ ಕಣಮ್ಮ, ನಾಳೆ ಬನ್ನಿ."

"ಮುಟ್ಟಿಲ್ಲ ಅಂತೀಯ, ಓಡ್ತಾ ಅದಲ್ಲ?"

"ಅದು ಮಿಕ್ಸಿ ಅಲ್ಲ ಕಣಮ್ಮ, ಹಾಡು."

ಆಕೆ ಇನ್ನೂ ಒಂದು ನಿಮಿಷ ಕಿವಿಗೊಟ್ಟರು. ಆಮೇಲೆ ಒಳಗೆ ಬಂದು ಬೆಂಚಿನ ಮೇಲಿದ್ದ ತಮ್ಮ ಮಿಕ್ಸಿಯನ್ನು ಎತ್ತಿಕೊಂಡರು. "ಬುಡಪ್ಪ, ಬ್ಯಾರೆ ಕಡೆ ತೋರಿಸ್ಕತೀನಿ. ಯಾರದ್ದೋ ಮಿಕ್ಸೀನ ಇಷ್ಟೊತ್ತು ಒಣ ಜಾರಲ್ಲಿ ಓಡಿಸ್ಕಂಡು ಕಣ್ಮುಚ್ಕಂಡು ಕೂತಿದೀಯಲ್ಲ, ನಮ್ದನ್ನೂ ಸುಟ್ಟಾಕ್ತೀಯ."

ಊರು ಕಂಡುಹಿಡಿದದ್ದು

ಜಗಳದ ಮೂಲ ಬೈಲಕುಪ್ಪೆಯಲ್ಲಿದೆ. ಆಗ ನಾನೂ ಮೇಷ್ಟ್ರೂ ಜೀವದ ಗೆಳೆಯರು. ಭಾನುವಾರ ಬಸ್ಸು ಹತ್ತಿ ಟಿಬೆಟಿಯನ್ ಕ್ಯಾಂಪಿನ ಅಂಗಡಿಗಳಲ್ಲಿ ಹಳೆಯ ಕ್ಯಾಸೆಟ್ ಹುಡುಕುತ್ತಿದ್ದೆವು. ಸ್ವೆಟರ್ ಮಾರುವ ಒಬ್ಬ ಅಜ್ಜನ ಹತ್ತಿರ ಎರಡು ಕ್ಯಾಸೆಟ್ ಸಿಕ್ಕಿದವು. ಧ್ಯಾನ ಕಲಿಯಲು ಬಂದಿದ್ದ ಯಾರೋ ಫಾರಿನ್ನಿನವನು ಬಿಟ್ಟುಹೋಗಿದ್ದನಂತೆ. ಮೇಲೆ ಏನೂ ಬರೆದಿರಲಿಲ್ಲ. ಹಾಕಿ ಕೇಳಿದರೆ ನಮ್ಮದೇ ಬ್ಯಾಂಡು, ಅದೂ ಲೈವ್.

"ಯಾವ ಊರಲ್ಲಿ ಹಾಡಿದ್ದು ಅಜ್ಜ?" ಅಂತ ಕೇಳಿದೆ.

"ಗೊತ್ತಿಲ್ಲ. ಎರಡ್ರಲ್ಲೂ ಗಲಾಟೆ ಇದೆ. ಸ್ವೆಟರ್ ಬೇಕಾ?"

ಇಬ್ಬರೂ ಒಂದೊಂದು ತೆಗೆದುಕೊಂಡೆವು. ಮೂರು ದಿನ ಕೇಳಿ ನಾನು ತೀರ್ಮಾನಕ್ಕೆ ಬಂದೆ: ಇದು ಜಪಾನ್. ಚಪ್ಪಾಳೆಯಲ್ಲಿ ಶಿಸ್ತಿದೆ. ಹಾಡುವವನ ಗಂಟಲು ಆಳದಿಂದ ಬರುತ್ತದೆ, ಡ್ರಮ್ಮಿನವನಿಗೆ ಆತುರವಿಲ್ಲ, ಒಂದೊಂದು ಪೆಟ್ಟನ್ನೂ ತೂಗಿ ಹಾಕುತ್ತಾನೆ. ಲೈವ್ ಅಂದರೆ ತೂಕ. ಅದೇ ಮೂರು ದಿನ ಕೇಳಿ ಮೇಷ್ಟ್ರೂ ತೀರ್ಮಾನಕ್ಕೆ ಬಂದರು: ತಮ್ಮದು ಲಂಡನ್. ಸ್ವಂತ ಊರಿನ ಜನದ ಮುಂದೆ ಹುಡುಗರು ಹುಚ್ಚು ಕುದುರೆಯಂತೆ ಓಡಿದ್ದಾರೆ. ಲೈವ್ ಅಂದರೆ ವೇಗ.

ಅವರ ಕ್ಯಾಸೆಟ್ಟನ್ನು ನಾನು ಪೂರ್ತಿ ಕೇಳಿರಲಿಲ್ಲ, ನನ್ನದನ್ನು ಅವರು ಕೇಳಿರಲಿಲ್ಲ. ಅಭಿಪ್ರಾಯಕ್ಕೆ ಅದರ ಅಗತ್ಯವೇನೂ ಕಾಣಲಿಲ್ಲ.

ಜಮೀನಿನ ವ್ಯಾಜ್ಯ

ಮಾತು ನಿಂತದ್ದು ಕೆ.ಆರ್. ನಗರದ ಒಂದು ಮದುವೆಯಲ್ಲಿ. ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತಿದ್ದೆವು. ಕೋಸಂಬರಿ ಬಡಿಸುವಾಗ ಶುರುವಾದ ಮಾತು ಹೋಳಿಗೆ ಬರುವಷ್ಟರಲ್ಲಿ ಇಡೀ ಛತ್ರಕ್ಕೆ ಕೇಳುವಂತಾಗಿತ್ತು.

"ನನ್ನ ಲಂಡನ್ನಿನ ಕಾಲ ಧೂಳಿಗೂ ನಿನ್ನ ಜಪಾನು ಸಮ ಬರಲ್ಲ ಕಣಯ್ಯಾ," ಅಂದರು ಮೇಷ್ಟ್ರು.

"ನಿಮ್ ಲಂಡನ್ನು ಬರೀ ಅವಸರ ಮೇಷ್ಟ್ರೇ. ಜಪಾನಿನ ಗಟ್ಟಿತನ ನಿಮಗೆ ಈ ಜನ್ಮದಲ್ಲಿ ಗೊತ್ತಾಗಲ್ಲ," ಅಂದೆ ನಾನು.

ಮೇಷ್ಟ್ರು ಎಲೆ ಮಡಚಿದರು. ನಾನೂ ಮಡಚಿದೆ. ಹೋಳಿಗೆ ಮೇಲೆ ತುಪ್ಪ ಬಿದ್ದಿರಲಿಲ್ಲ, ಆ ಸಂಕಟ ಈಗಲೂ ಇದೆ. ಕೈ ತೊಳೆಯುವಲ್ಲಿ ಹೆಣ್ಣಿನ ಕಡೆಯ ಹಿರಿಯ ಗೌಡರೊಬ್ಬರು ನಮ್ಮಿಬ್ಬರನ್ನೂ ತಡೆದು ನಿಲ್ಲಿಸಿದರು. ಊರಿನ ನ್ಯಾಯ ಹೇಳುವ ಮನುಷ್ಯ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

"ಎಲ್ಲಾ ಕೇಳಿಸ್ಕಂಡೆ. ಅಣ್ಣತಮ್ಮಂದ್ರ ಭಾಗವಾ?"

ನಾವಿಬ್ಬರೂ ಒಂದೊಂದು ಕಡೆ ಮುಖ ತಿರುಗಿಸಿದೆವು. ಅವರು ಅದನ್ನೇ ಒಪ್ಪಿಗೆ ಅಂದುಕೊಂಡರು.

"ಅಲ್ಲ ಕಣ್ರಪ್ಪ, ಅಷ್ಟು ದೂರ ಜಮೀನು ತಗಂಡ್ರೆ ನೋಡ್ಕಳೋರು ಯಾರು? ಇಬ್ರೂ ಮಾರ್ಬುಡಿ. ಇಲ್ಲೇ ನಾಲೆ ಪಕ್ಕದಲ್ಲಿ ಒಳ್ಳೆ ಗದ್ದೆ ಅದೆ, ನಾನೇ ಕೊಡಿಸ್ತೀನಿ."

ಹನಗೋಡಿನ ಅನ್ನ

ಮೇಷ್ಟ್ರಿಲ್ಲದ ಮೇಲೆ ನನಗೆ ಕೇಳುಗರು ಬೇಕಾಯಿತು. ಹನಗೋಡಿನಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶ. ಧ್ವನಿವರ್ಧಕ ಕೈಕೊಟ್ಟಿದೆ, ಬಂದು ನೋಡು ಅಂತ ಕರೆದರು. ನನ್ನ ಸೆಟ್ಟನ್ನು ಹೊತ್ತುಕೊಂಡೇ ಹೋದೆ. ಬೇರೆಯವರ ಸೆಟ್ಟಿನ ಮೇಲೆ ನನಗೆ ನಂಬಿಕೆ ಇಲ್ಲ. ವೈರು ಸರಿಮಾಡಿ, ಟೆಸ್ಟಿಂಗ್ ನೆಪದಲ್ಲಿ ಜಪಾನ್ ಹಾಕಿದೆ.

ಆ ಕ್ಯಾಸೆಟ್ಟಿನ ಮೊದಲ ಎರಡು ನಿಮಿಷ ಹಾಡಿಲ್ಲ, ಬರೀ ಜನ. ಸಾವಿರಾರು ಜನ ಹೋ ಅನ್ನುತ್ತಾರೆ. ಎರಡು ದೊಡ್ಡ ಬಾಕ್ಸಿನಲ್ಲಿ ಅದು ಹೊರಟಾಗ ನನಗೇ ಮೈ ಜುಮ್ಮೆಂದಿತು. ಮನೆಯ ಹಿಂದೆ ಒಲೆ ಮುಂದಿದ್ದ ಅಡುಗೆಯವರಿಗೂ ಜುಮ್ಮೆಂದಿರಬೇಕು. ಅವರಿಗೆ ಮುಂದಿನ ಶಾಮಿಯಾನ ಕಾಣುತ್ತಿರಲಿಲ್ಲ.

"ಲಾರಿ ಲೋಡಲ್ಲಿ ಬಂದ್ಬುಟ್ರು ಕಣ್ರಪ್ಪೋ, ಇನ್ನೊಂದು ಮೂಟೆ ಬಿಚ್ರಿ," ಅಂದವರೇ ಎಸರಿಗೆ ಅಕ್ಕಿ ಸುರಿದುಬಿಟ್ಟರು.

ಎಲ್ಲರ ಊಟ ಮುಗಿದ ಮೇಲೆ ಅರ್ಧ ಕೊಪ್ಪರಿಗೆ ಅನ್ನ ಹಾಗೇ ಇತ್ತು. ಏನಾಯಿತೆಂದು ವಿಚಾರಿಸಿದ ಮನೆ ಯಜಮಾನರು ನನ್ನ ಹತ್ತಿರ ಬಂದರು. ನಾನು ಕಲೆಯ ಬಗ್ಗೆ ಎರಡು ಮಾತು ಹೇಳಿ, ಇದು ಜಪಾನಿನ ಜನ ಅಂತ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಆಗ್ಲಿ. ಇನ್ನೊಂದು ಸಲ ಅವರ್ನ ಕರ್ಕಬರೋದಾದ್ರೆ ಎಷ್ಟು ಜನ ಅಂತ ಮೊದ್ಲೇ ಹೇಳ್ಬುಡಿ. ಇಲ್ಲಾಂದ್ರೆ ಉಂಡ್ಕಂಡಾದ್ರೂ ಹೋಗೋಕೆ ಹೇಳಿ."

ಫೋನು

ಈಚೆಗೆ ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ. ಒಂದು ಮಧ್ಯಾಹ್ನ ನನ್ನ ಹೆಂಡತಿ ನನ್ನ ಕ್ಯಾಸೆಟ್ಟಿನ ಹಾಡೊಂದರ ಲೈವ್ ಹುಡುಕಿ ಹಾಕಿದಳು. ಕೇಳಿದರೆ ಎಲ್ಲ ಓಟ. ಗಂಟಲು ತೆಳು, ಡ್ರಮ್ಮು ಅವಸರ. ಇನ್ನೊಂದು ಊರಿನದ್ದು ಹಾಕಿಸಿದೆ, ಅದೂ ಓಟ. ಮತ್ತೊಂದು, ಅದೂ ಹಾಗೇ.

"ಕಂಪ್ಯೂಟರಿಗೆ ಹಾಕುವಾಗ ಸ್ಪೀಡ್ ಮಾಡಿ ಕೆಡಿಸಿಬಿಟ್ಟಿದ್ದಾರೆ," ಅಂದೆ.

"ಎಲ್ಲಾ ಊರಿಂದೂ ಕೆಡಿಸವ್ರಾ?"

"ಎಲ್ಲಾ ಊರಿಂದೂ."

"ನಿಮ್ದೊಂದು ಬಿಟ್ಟು."

"ನನ್ನದೊಂದು ಬಿಟ್ಟು."

ಅವಳು ಫೋನು ಆರಿಸಿ ಎದ್ದಳು. "ಪುಣ್ಯ ಕಣ್ರೀ. ನೀವೊಬ್ರು ಇಲ್ದೇ ಇದ್ದಿದ್ರೆ ಪ್ರಪಂಚ ಅದ್ರ ಪಾಡಿಗೆ ಚೆನ್ನಾಗೇ ಇದೀನಿ ಅನ್ಕಂಬುಡೋದು."

ತೀರ್ಪು

ನಾವು ಗಂಡಸರು ಮಾತು ಬಿಟ್ಟರೂ ನಮ್ಮ ಹೆಂಡತಿಯರು ಬಿಟ್ಟಿರಲಿಲ್ಲ. ಸುದ್ದಿ ಆ ದಾರಿಯಲ್ಲೇ ಬಂತು. ಮೇಷ್ಟ್ರಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೋಗುತ್ತಿದೆ, ಅದು ಇರುವಷ್ಟರಲ್ಲಿ ಒಂದು ತೀರ್ಮಾನ ಆಗಿಬಿಡಲಿ ಅನ್ನುತ್ತಿದ್ದಾರೆ ಅಂತ.

ನನಗೆ ಮೊದಲು ಬಂದದ್ದು ಸಿಟ್ಟು. ಸೋಲು ಒಪ್ಪಿಕೊಳ್ಳದೆ ಕಿವುಡನಾಗಿ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನಲ್ಲ ಈ ಮನುಷ್ಯ, ಅಂತ. ಸಂಜೆಯ ಹೊತ್ತಿಗೆ ಅನ್ನ ಸೇರಲಿಲ್ಲ. ಅವರಿಗೂ ಕೇಳಿಸದೇ ಹೋದರೆ ನಾಲ್ಕು ತಾಲ್ಲೂಕಿಗೆ ನಾನೊಬ್ಬನೇ. ಜಗಳಕ್ಕಾದರೂ ಜೊತೆ ಬೇಕಲ್ಲ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಇಬ್ಬರ ಪಕ್ಷಕ್ಕೂ ಸೇರದವರು ಬೇಕು ಅಂತ ಹೆಂಡತಿಯರೇ ಎಚ್.ಡಿ. ಕೋಟೆ ಕಡೆಯ ಒಬ್ಬ ಹಾರ್ಮೋನಿಯಂ ತಾತನನ್ನು ಗೊತ್ತುಮಾಡಿದರು. ಊರೂರಿಗೆ ಹೋಗಿ ಪೌರಾಣಿಕ ನಾಟಕ ಕಲಿಸುವವರು. ಭಾನುವಾರ ಬೆಳಗ್ಗೆ ಮೇಷ್ಟ್ರು ತಾತನನ್ನೂ ತಮ್ಮ ಟೇಪ್‌ರೆಕಾರ್ಡರನ್ನೂ ಕರೆದುಕೊಂಡು ಬಂದರು. ತಾತನ ಹೆಗಲ ಮೇಲೆ ಹಾರ್ಮೋನಿಯಂ ಇತ್ತು. ಅಂಗಡಿಯ ಶಟರ್ ಹಾಕಿತ್ತು, ಪಕ್ಕದ ಬಾಗಿಲಿಂದ ಒಳಗೆ ಬಂದರು. ನಾನು 'ಬನ್ನಿ' ಅಂದದ್ದು ತಾತನಿಗೆ.

ಮೊದಲು ನನ್ನ ಸೆಟ್ಟಿನಲ್ಲಿ ನನ್ನ ಜಪಾನು. ತಾತ ಕಣ್ಣು ಮುಚ್ಚಿ ಕೂತು ಪೂರ್ತಿ ಕೇಳಿದರು. ಆಮೇಲೆ ಮೇಷ್ಟ್ರ ಸೆಟ್ಟಿನಲ್ಲಿ ಮೇಷ್ಟ್ರ ಲಂಡನ್ನು. ಹತ್ತು ನಿಮಿಷ ಆಗಿರಬಹುದು, ತಾತ ಕೈ ಎತ್ತಿ ನಿಲ್ಲಿಸಿದರು.

"ಎರಡ್ರಲ್ಲೂ ಸಿಳ್ಳೆ ಹೊಡಿತಾ ಇರೋನು ಒಬ್ನೇ ಅಲ್ವೇನ್ರಪ್ಪಾ?"

ಸಾಧ್ಯವೇ ಇಲ್ಲ ಅಂದೆವು. ಹದಿನೆಂಟು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಹೇಳಿದ ಮೊದಲ ಮಾತು ಅದು.

"ಸ್ಟೇಜಿನ ಪಕ್ಕ ಕೂತು ಜನ ಮಾಡೋದನ್ನ ಕೇಳೇ ಮುದುಕ ಆದೋನು ನಾನು. ಮೂರು ಸಿಳ್ಳೆ, ಆಮೇಕೆ ಒಬ್ಳು ಕಿರುಚ್ತಾಳೆ, ಆಮೇಕೆ ಒಬ್ಬ ಕೆಮ್ತಾನೆ. ಅಲ್ಲೂ ಅಂಗೇ, ಇಲ್ಲೂ ಅಂಗೇ."

ತಿರುಗಿಸಿ ಹಾಕಿ ಕೇಳಿದೆವು. ಮೂರು ಸಿಳ್ಳೆ, ಕಿರುಚು, ಕೆಮ್ಮು. ಇದರಲ್ಲೂ ಅದರಲ್ಲೂ. ಒಂದೇ ಊರು, ಒಂದೇ ಕಾರ್ಯಕ್ರಮ. ಫಾರಿನ್ನಿನವನು ಒಂದಕ್ಕೆ ಎರಡು ಪ್ರತಿ ಮಾಡಿಟ್ಟುಕೊಂಡಿದ್ದ ಅಷ್ಟೆ. ಗಿಟಾರು, ಡ್ರಮ್ಮು, ಗಂಟಲು ಎಲ್ಲದರ ಮೇಲೂ ಅಭಿಪ್ರಾಯವಿದ್ದ ನಮ್ಮಿಬ್ಬರಿಗೂ ಒಬ್ಬ ಮನುಷ್ಯ ಕೆಮ್ಮಿದ್ದು ಕೇಳಿಸಿರಲಿಲ್ಲ.

ಆದರೂ ನಾನು ಬಿಡಲಿಲ್ಲ. "ಒಂದೇ ಆದ್ರೆ ನನ್ನದರಲ್ಲಿ ಮಾತ್ರ ಅಷ್ಟು ತೂಕ ಹೇಗೆ ಬಂತು ತಾತ?"

ತಾತ ಹಾರ್ಮೋನಿಯಂ ಎಳೆದುಕೊಂಡು ಅಕ್ಕಪಕ್ಕದ ಎರಡು ಸ್ವರದ ಮನೆ ಒತ್ತಿದರು. "ಮೇಷ್ಟ್ರದ್ದು ಇಲ್ಲಿ, ಕಪ್ಪು ಎರಡು. ನಿಂದು ಬಿಳಿ ಎರಡಕ್ಕೆ ಇಳಿದದೆ. ಸೆಟ್ಟು ನಿಧಾನಕ್ಕೆ ಸುತ್ತುತಾ ಅದೆ ಕಣಪ್ಪ, ಒಳಗೆ ಬೆಲ್ಟ್ ಸಡ್ಲ ಆಗದೆ." ಆಮೇಲೆ ಮರುಕದಿಂದ ನನ್ನ ಮುಖ ನೋಡಿದರು. "ಹುಣಸೂರಲ್ಲಿ ಯಾರಾದ್ರೂ ತಿಳಿದಿರೋ ರಿಪೇರಿಯೋನು ಇದ್ರೆ ತೋರಿಸ್ಬುಡು."

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನ್ನ ಕ್ಯಾಸೆಟ್ಟನ್ನು ಮೇಷ್ಟ್ರ ಸೆಟ್ಟಿಗೆ ಹಾಕಿದೆ. ಹುಚ್ಚು ಕುದುರೆಯಂತೆ ಓಡಿತು. ಆಳದ ಗಂಟಲು, ಆತುರವಿಲ್ಲದ ಡ್ರಮ್ಮು, ಜಪಾನಿನ ಶಿಸ್ತು, ಎಲ್ಲ ಸೇರಿ ಒಂದು ರಬ್ಬರ್ ಬೆಲ್ಟು.

ಊಟ ಮಾಡಿ ತಾತ ಬಸ್ಸು ಹತ್ತಿದರು. ಮೇಷ್ಟ್ರು ಏಳಲಿಲ್ಲ. ಈಗ ಚುಚ್ಚುತ್ತಾರೆ ಅಂತ ನಾನು ಕಾದೆ. ಚುಚ್ಚಲಿಲ್ಲ. ಸ್ಕ್ರೂಡ್ರೈವರ್ ತಂದು ನನ್ನ ಸೆಟ್ಟನ್ನು ಬೋರಲು ಮಾಡಿದೆ. ಮೇಷ್ಟ್ರು ಕೈ ಹಿಡಿದರು.

"ಬಿಚ್ಚಬ್ಯಾಡ ಕಣಯ್ಯಾ. ಈಚೀಚೆಗೆ ನನ್ ಸೆಟ್ಟಲ್ಲಿ ಗಿಟಾರು ಮೇಲಿನ ಸ್ವರಕ್ಕೆ ಹೋಯ್ತು ಅಂದ್ರೆ ನನ್ ಪಾಲಿಗೆ ನಿಂತೇ ಹೋಗ್ತದೆ. ನಿಂದ್ರಲ್ಲಿ ಇವತ್ತು ಕೊನೇವರೆಗೂ ಕೇಳಿಸ್ತು. ನಿಧಾನಕ್ಕೆ ಇರೋದೇ ವಾಸಿ. ನೀನು ಹೇಳಿದ್ದೇ ಸರಿ."

ಹದಿನೆಂಟು ವರ್ಷ ಕಾದ ಮಾತು ಬಂದೇ ಬಂತು, ಅದು ಸುಳ್ಳು ಅಂತ ಮನೆಮಂದಿಗೆಲ್ಲ ಗೊತ್ತಾದ ದಿನ. ನನಗೆ ಅಳು ಬಂತು. ಸೆಟ್ಟನ್ನು ನೆಟ್ಟಗೆ ಮಾಡಿ, ಕ್ಯಾಸೆಟ್ ಹಾಕಿ, ಅವರ ಪಕ್ಕ ಹೋಗಿ ಕೂತೆ. ಕೂತದ್ದು ಎಡಗಡೆ.

"ತಪ್ಪು ನಂದೇ ಮೇಷ್ಟ್ರೇ," ಅಂದೆ. "ಮೊದಲಿಂದಲೂ ನಂದೇ."

ಅವರು ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು. "ಏನಂದೆ?"

"ಕಾಫಿಗೆ ಸಕ್ಕರೆ ಎಷ್ಟು ಅಂದೆ."