ತುಳಸಿರಾಮನ ಸರ್ವರಿಗೆ ಜೋಡಿ ಕಾವಲು

ಸರ್ವರಿನ ಕಾವಲಿಗೆ ಒಂದೇ ಸಾಫ್ಟ್‌ವೇರ್ ಸಾಕು ಎಂದು ಹೆಂಡತಿ ಸಪ್ನಾ ಹೇಳಿದ ಕ್ಷಣವೇ ತುಳಸಿರಾಮ ಎರಡನ್ನೂ ಹಾಕಿಯೇ ತೀರುವುದೆಂದು ನಿಶ್ಚಯಿಸಿದ.

ಅದು ಎರಡು ಸಾವಿರದ ಆರನೇ ಇಸವಿ. ಹಳಿಯಾಳ ಬಸ್‌ಸ್ಟ್ಯಾಂಡಿನ ಹಿಂದೆ, ಮನೆಯ ಮುಂದಿನ ಕೋಣೆಯಲ್ಲೇ ಅವನ ಇಂಟರ್‌ನೆಟ್ ಸೆಂಟರ್. ಅಲ್ಲಿನ ಎಂಟು ಕಂಪ್ಯೂಟರುಗಳನ್ನು ಆಳುವ ಸರ್ವರ್ ಮಾತ್ರ ಒಳಗೆ, ಅಡುಗೆಮನೆಯ ಪಕ್ಕದಲ್ಲಿ. ಅದು ಮಲಗಿದರೆ ಎಂಟೂ ಮಲಗಿದಂತೆ. ಆ ವಾರ ಎರಡು ಸಲ ಮಲಗಿತ್ತು. ನಾಳೆಯೋ ಎಸ್ಸೆಸ್ಸೆಲ್ಸಿ ರಿಸಲ್ಟು!

ಮಗಳಿಗೆ ವರ ನೋಡುವವನಂತೆ ತುಳಸಿರಾಮ ಹನ್ನೆರಡು ಸಾಫ್ಟ್‌ವೇರುಗಳ ಗುಣದೋಷ ಪರಾಮರ್ಶಿಸಿದ. (ಹತ್ತು ಅರ್ಥವಾಗಲಿಲ್ಲ. ಆದ್ದರಿಂದ ಬಿಟ್ಟ.) ಉಳಿದವು ಎರಡು. ಒಂದು ಸರ್ವರಿನ ಆರೋಗ್ಯ ನೋಡುವುದು, ಅದಕ್ಕೆ ‘ಡಾಕ್ಟರ್’ ಎಂದು ಹೆಸರಿಟ್ಟ. ಇನ್ನೊಂದು ಕಳ್ಳರನ್ನು ಹಿಡಿಯುವುದು, ಅದು ‘ಗೂರ್ಖಾ’.

“ಮೊದಲ ಒಂದ ಹಾಕ್ರಿ. ಅದನ್ನ ಪೂರಾ ಕಲತು ಇನ್ನೊಂದ ಹಾಕೀರಂತ,” ಎಂದಳು ಸಪ್ನಾ.

“ಜಡ್ಡಿಗೊಬ್ಬ, ಕಳ್ಳಗೊಬ್ಬ! ನನ್ನ ಸರ್ವರ್, ನನ್ನ ಮರ್ಜಿ!”

ಅಂದು ರಾತ್ರಿಯೇ ಗೂರ್ಖಾನನ್ನು ಸರ್ವರಿನಲ್ಲಿ, ಡಾಕ್ಟರನನ್ನು ತನ್ನ ಟೇಬಲ್ಲಿನ ಕಂಪ್ಯೂಟರಿನಲ್ಲಿ ಕೂರಿಸಿದ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಹುಡುಗ–ಹುಡುಗಿಯರ ಜಾತ್ರೆ. ಅಷ್ಟರಲ್ಲಿ ಗೂರ್ಖಾ ಪರದೆಯ ಮೇಲೆ ಕೆಂಪಗೆ ಕಿರುಚಿದ: ನಿಮಿಷಕ್ಕೊಮ್ಮೆ ಯಾರೋ ಸರ್ವರಿನ ಬಾಗಿಲುಗಳನ್ನೆಲ್ಲ ತಟ್ಟಿ ನೋಡುತ್ತಿದ್ದಾರೆ! ತುಳಸಿರಾಮ ಹೊರಗಿನಿಂದ ಬರುವ ಇಂಟರ್‌ನೆಟ್ ವೈರನ್ನೇ ಕಿತ್ತ. ಎಂಟೂ ಕಂಪ್ಯೂಟರು ಬೆಪ್ಪಾದವು. ಮಕ್ಕಳೆಲ್ಲ ಪಕ್ಕದ ಓಣಿಯ ಸೆಂಟರಿಗೆ ಓಡಿದರು. ಕಳ್ಳ ಮಾತ್ರ ತಟ್ಟುತ್ತಲೇ ಇದ್ದ.

“ನೋಡು, ವೈರ್ ಇಲ್ಲದ ಬರ್ತಾನ! ಎಂಥಾ ಪಳಗಿದ ಕಳ್ಳ ಇರಬೇಕು! ಇದು ನಿನ್ನ ತಮ್ಮಂದ ಕೆಲಸ!”

ತಮ್ಮ ಕುಬೇರನದೂ ಮುಂಡಗೋಡದಲ್ಲಿ ಇಂಥದೇ ಸೆಂಟರ್. ಸಪ್ನಾ ತಡೆಯುವುದರೊಳಗೆ ತುಳಸಿರಾಮ ಫೋನು ಹಚ್ಚಿ, ಕುಬೇರನ ವಂಶೋದ್ಧಾರ ಮಾಡಿ, ಠಪ್ಪೆಂದು ಇಟ್ಟ. (ಅದು ಹೆಂಡತಿಯ ವಂಶವೂ ಹೌದೆಂಬುದು ಅವಳ ಮುಖ ನೋಡಿದ ಮೇಲೆ ಹೊಳೆಯಿತು.)

ಸಪ್ನಾ ಪರದೆಯ ಮುಂದೆ ಕೂತಳು. “ಹೊರಗಿನ ವೈರ್ ಕಿತ್ತೀರಿ. ಅಂದಮ್ಯಾಲೆ ಕಳ್ಳ ಮನಿಯೊಳಗ ಅದಾನ.” ಗೂರ್ಖಾ ಬರೆದಿಟ್ಟ ಕಳ್ಳನ ಕಂಪ್ಯೂಟರಿನ ನಂಬರನ್ನು ಸೆಂಟರಿನ ಒಂದೊಂದೇ ಕಂಪ್ಯೂಟರಿನ ನಂಬರಿಗೆ ಹೋಲಿಸಿ ನೋಡಿದಳು. ಕೊನೆಗೆ ಗಂಡನ ಟೇಬಲ್ಲಿನ ಕಂಪ್ಯೂಟರಿನ ಮುಂದೆ ನಿಂತಳು. ಡಾಕ್ಟರ್ ಇದ್ದದ್ದು ಅದರಲ್ಲೇ. ನಿಮಿಷಕ್ಕೊಮ್ಮೆ ಅವನು ಸರ್ವರಿನ ಬಾಗಿಲು ತಟ್ಟಿ ‘ಆರಾಮಿದ್ದೀಯಾ?’ ಎಂದು ಕೇಳುತ್ತಿದ್ದ. ಕೇಳಿದಾಗೊಮ್ಮೆ ಗೂರ್ಖಾ ‘ಕಳ್ಳ! ಕಳ್ಳ!’ ಎನ್ನುತ್ತಿದ್ದ.

ತುಳಸಿರಾಮ ತೊಡೆ ತಟ್ಟಿದ.

“ಅಂದ್ರ ಇಬ್ಬರೂ ಚಲೋ ಕೆಲಸಾ ಮಾಡಾಕತ್ತಾರ! ನನ್ನ ಆಯ್ಕೆ ತಪ್ಪಿಲ್ಲ!”

ಒಂದೂವರೆ ತಾಸಿನಲ್ಲಿ ಹೊರಗೆ ಬೈಕು ನಿಂತಿತು. ಮೈತುಂಬ ಧೂಳು ಹೊತ್ತು, ಕೈಯಲ್ಲಿ ಬಡಿಗೆ ಹಿಡಿದು ಕುಬೇರ ಒಳಗೆ ನುಗ್ಗಿದ.

“ಮಾಮಾ, ನನ್ನ ಕಳ್ಳ ಅಂದ್ರಿ. ಖರೇ ಕಳ್ಳನ್ನ ಹಿಡದ ಕೊಟ್ಟ ಹೋಗ್ತೇನಿ. ಎಲ್ಲಿ ಅದಾನ? ಅವನ್ನ ಒಳಗ ಬಿಟ್ಟಾವ್ರು ಯಾರು?”

“ನಾನ!” ತುಳಸಿರಾಮ ಎದೆಯುಬ್ಬಿಸಿದ. “ಏನ್ ಮಾಡ್ತಿ?”

ಕುಬೇರ ಅಕ್ಕನ ಮುಖ ನೋಡಿದ. ಸಪ್ನಾ ಅವನ ಕೈಯಿಂದ ಬಡಿಗೆ ಇಸಿದುಕೊಂಡಳು.

“ನೀ ದಣದ ಬಂದೀಯಪ್ಪಾ, ಕುಂದ್ರು. ಇದನ್ನ ನಾ ನೋಡ್ಕೋತೇನಿ.”