ನಮ್ಮ ಸಭೆಗೊಬ್ಬ ಗಂಡಸು ಬೇಕಾಗಿದ್ದ

ಬೇರೆಯವರಿಗೆ ಫಜೀತಿ ಅನ್ನೋದು ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತದೆ. ನಮ್ಮ ಸಭೆಗೆ ಅದು ಪ್ರತಿ ರವಿವಾರ ಮುಂಜಾನೆ ಹತ್ತಕ್ಕೆ, ನಮಗಿಂತ ಮೊದಲೇ ಬಂದು ಚಾಪೆ ಹಾಸಿಕೊಂಡು ಕೂತಿರುತ್ತದೆ.

ಮೊದಲು ನನ್ನ ಬಗ್ಗೆ ಹೇಳಬೇಕು, ಯಾಕೆಂದರೆ ಬೇರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯವನು ನಾನು. ಬೋರಿನ ಮೋಟಾರು ಸುಟ್ಟರೆ ಸುತ್ತಲಿನ ಹತ್ತೂರಿನವರು ನನ್ನ ವೈಂಡಿಂಗ್ ಅಂಗಡಿಗೇ ಬರುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ಕಡೆಯ ನಮ್ಮ ಬ್ರದರನ್ ಕ್ರೈಸ್ತ ಸಭೆಗಳಿಗೆ ಒಂದು ವಾಟ್ಸಾಪ್ ಗುಂಪಿದೆ. ಯಾರಿಗೆ ಜ್ವರ, ಯಾವ ಊರಲ್ಲಿ ಕೂಟ, ಯಾರ ಮಗಳಿಗೆ ನಿಶ್ಚಯ, ಎಲ್ಲ ಸುದ್ದಿ ಬರೆಯುವವನು ನಾನೇ. ಕೀರ್ತನೆ ಎತ್ತಿದರೆ ನನ್ನ ದನಿ ಬಸ್‌ಸ್ಟ್ಯಾಂಡಿನ ತನಕ ಹೋಗುತ್ತದೆ. ಅಲ್ಲಿಂದ ವಾಪಸು ಕಳಿಸಿದವರೂ ಇದ್ದಾರೆ, ಆ ಮಾತು ಬೇಡ.

ನಮ್ಮ ಸಭೆ ಎಂದರೆ ಒಂದು ತಗಡಿನ ಕೋಣೆ. ನಮ್ಮಲ್ಲಿ ಪಾದ್ರಿ ಇಲ್ಲ. ನಡುವೆ ಮೇಜಿನ ಮೇಲೆ ಒಂದು ರೊಟ್ಟಿ, ಒಂದು ಪಾತ್ರೆ ದ್ರಾಕ್ಷಾರಸ, ಮೇಲೊಂದು ಬಿಳಿ ಬಟ್ಟೆ. ಸೆರಗು ಹೊದ್ದ ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ. ಎಲ್ಲರೂ ಸುಮ್ಮನೆ ಕೂತಿರುತ್ತಾರೆ. ಯಾವ ಸಹೋದರನಿಗೆ ಪ್ರೇರಣೆ ಆಗುತ್ತದೋ ಅವನು ಎದ್ದು ಪ್ರಾರ್ಥಿಸಬೇಕು, ರೊಟ್ಟಿ ಮುರಿಯಬೇಕು. ಸಹೋದರಿಯರು ಸಭೆಯಲ್ಲಿ ಬಾಯಿ ತೆರೆಯುವ ಹಾಗಿಲ್ಲ. ಹೊರಗೆ ಬಂದ ಮೇಲೆ ಆ ಬಾಕಿಯನ್ನೆಲ್ಲ ತೀರಿಸುತ್ತಾರೆ.

ಹಿಂದೆ ಕೋಣೆ ತುಂಬುತ್ತಿತ್ತು. ಈಗ ಉಳಿದವರು ಆರು ಜನ ಸಹೋದರಿಯರು, ಒಬ್ಬ ಕಿವಿ ಮಂದಾದ ಹಿರಿಯರು, ಮತ್ತೆ ನಾನು.

ಆಳವಾದ ಆರಾಧನೆ

ಒಂದು ರವಿವಾರ ಎಲ್ಲರೂ ಕೂತೆವು. ಹಿರಿಯರು ಕಣ್ಣು ಮುಚ್ಚಿ ತಲೆ ಬಾಗಿಸಿದ್ದರು. ದೊಡ್ಡವರು, ಅವರೇ ಮೊದಲು ಏಳಲಿ ಎಂದು ನಾನು ಕಾದೆ. ಹತ್ತೂವರೆ ಆಯಿತು. ಹನ್ನೊಂದಾಯಿತು. ತಗಡು ಕಾದು ಚಟಚಟ ಅನ್ನತೊಡಗಿತು. ಅವರ ಮುಖದಲ್ಲಿ ಎಂಥ ಶಾಂತಿ! ಇವತ್ತು ಏನೋ ದೊಡ್ಡ ಪ್ರೇರಣೆ ಬರುತ್ತಿದೆ, ನಾನು ನಡುವೆ ಬಾಯಿ ಹಾಕಬಾರದು ಅಂದುಕೊಂಡೆ.

ಹೆಂಗಸರ ಕಡೆಯಿಂದ ನಮ್ಮಕ್ಕ ಕೆಮ್ಮಿದಳು. ಆಮೇಲೆ ಎಲ್ಲರೂ ಸರದಿ ಪ್ರಕಾರ ಕೆಮ್ಮಿದರು. ಮಾತಾಡುವ ಹಾಗಿಲ್ಲ, ಇನ್ನೇನು ಮಾಡಿಯಾರು? ಕೊನೆಗೆ ಅಕ್ಕ ತನ್ನ ಸ್ಟೀಲ್ ಡಬ್ಬಿಯನ್ನು ಕೈಜಾರಿ ಬಿದ್ದಂತೆ ಬೀಳಿಸಿದಳು. ಕಿವಿ ಮಂದಾದವರಿಗೂ ಕೇಳುವಷ್ಟು ದೊಡ್ಡ ಸದ್ದು. ಹಿರಿಯರು ಬೆಚ್ಚಿ ಎದ್ದು ಗಟ್ಟಿಯಾಗಿ “ಆಮೆನ್!” ಅಂದರು.

ಪ್ರಾರ್ಥನೆಯನ್ನು ಯಾರೂ ಮಾಡಿಯೇ ಇರಲಿಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅವರು ನನ್ನ ಬೆನ್ನು ತಟ್ಟಿದರು. “ತಮ್ಮಾ, ಇವತ್ತ ಭಾಳ ಆಳವಾಗಿ ಪ್ರಾರ್ಥನಿ ಮಾಡಿದಿ ನೋಡು. ಒಂದ ಮಾತೂ ನನಗ ಕೇಳಿಸ್ಲಿಲ್ಲ.”

ನಾನು ಗುಂಪಿನಲ್ಲಿ ಬರೆದೆ: ‘ನಮ್ಮ ಸಭೆಯಲ್ಲಿ ಆರಾಧನೆ ಆಳವಾಗಿ ನಡೆಯಿತು.’ ನಲವತ್ತು ಜನ ಕೈಮುಗಿದರು.

ಟವೆಲ್ ಹಿಡಿದವ

ಮುಂದಿನ ತಿಂಗಳು ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಂಚ ಹಿಡಿದರು. ಯಲಬುರ್ಗಾದ ಹಿರಿಯರು ನನ್ನ ಅಂಗಡಿಗೇ ಬಂದರು.

“ಒಬ್ಬ ಗಂಡಸು ರೊಟ್ಟಿ ಮುರಿದು, ತಾನ ಎತ್ತಿ, ತಾನ ತಿಂದ್ರ ಅದು ಸಭೆ ಅಲ್ಲಪಾ, ಮನಿ ಊಟ ಆಕ್ಕೈತಿ. ಎರಡನೇ ಸಹೋದರ ಸಿಗೂ ತನಕ ಬರೇ ಹಾಡು ಹಾಡ್ರಿ, ರೊಟ್ಟಿ ಬ್ಯಾಡ. ಮೂರು ತಿಂಗಳು ನೋಡೂಣು. ಸಿಗಲಿಲ್ಲಂದ್ರ ಕೀಲಿ ಹಾಕಿ ಎಲ್ಲಾರೂ ಯಲಬುರ್ಗಾಕ್ಕ ಬಂದ್ಬಿಡ್ರಿ.”

“ಒಬ್ಬನ್ಯಾಕ್ರಿ, ಹತ್ತು ಮಂದೀನ ತರ್ತೀನಿ,” ಅಂದೆ ನಾನು. ಆ ಕೋಣೆಯ ತಗಡನ್ನು ನಮ್ಮಪ್ಪ ತಲೆಯ ಮೇಲೆ ಹೊತ್ತು ತಂದದ್ದು. ಅದಕ್ಕೆ ಕೀಲಿ ಹಾಕೋದು ನನ್ನ ಕೈಯಿಂದ ಆಗಬೇಕೇ?

ಎರಡೇ ವಾರದಲ್ಲಿ ಒಬ್ಬ ತಾನಾಗಿ ಬಂದ! ಕುಷ್ಟಗಿ ಸಭೆಯ ಅಣ್ಣ, ಬಡಗಿ ಕೆಲಸದವ. ನಮ್ಮೂರಿನ ಹೊಸ ಮನೆಯೊಂದಕ್ಕೆ ಬಾಗಿಲು ಕೂಡಿಸಲು ಬಂದವನು ರವಿವಾರ ಸತ್ಯವೇದ ಹಿಡಿದು ಹಾಜರಾದ. ಅಕ್ಕ ಖುಷಿಯಲ್ಲಿ ಮನೆಗೆ ಓಡಿ ರೊಟ್ಟಿ ಸುಟ್ಟು ತಂದಳು.

ಆದರೆ ನಮ್ಮಲ್ಲಿ ಒಂದು ನಿಯಮವಿದೆ. ಬೇರೆ ಊರಿನ ಸಭೆಯವರು ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳಬೇಕೆಂದರೆ ತಮ್ಮ ಸಭೆಯಿಂದ ಇಬ್ಬರು ಸಹೋದರರ ಸಹಿ ಇರುವ ಪರಿಚಯ ಪತ್ರ ತರಬೇಕು. ಇಲ್ಲದಿದ್ದರೆ ಹಿಂದಿನ ಬೆಂಚು. ನಿಯಮದ ವಿಷಯದಲ್ಲಿ ನಾನು ಕಲ್ಲು.

“ಅಣ್ಣಾರ, ಪತ್ರ?”

“ಪತ್ರ ಎಲ್ಲೀದೋ ತಮ್ಮಾ, ನಾ ಬಾಗಲಾ ಕೂಡ್ಸಾಕ ಬಂದೀನಿ. ನಾ ಯಾರು ನಿನಗ ಗೊತ್ತಿಲ್ಲೇನು? ನೀ ದೀಕ್ಷಾಸ್ನಾನ ತಗೊಂಡಾಗ ದಂಡಿ ಮ್ಯಾಲ ಟವೆಲ್ ಹಿಡ್ಕೊಂಡು ನಿಂತಿದ್ದವ ನಾನ.”

“ಟವೆಲ್ ಬ್ಯಾರೆ, ಪತ್ರ ಬ್ಯಾರೆರಿ ಅಣ್ಣಾರ,” ಅಂದೆ.

ಆತ ನನ್ನನ್ನೊಮ್ಮೆ ನೋಡಿ, ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಹಿಂದೆ ಕೂತವನನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಹಾಗಾಗಿ ಮತ್ತೆ ನಾನೊಬ್ಬನೇ. ರೊಟ್ಟಿ ಮುರಿಯಲಿಲ್ಲ. ನಾನು ಎದೆ ಉಬ್ಬಿಸಿ ಹೊರಗೆ ಬಂದರೆ ಅಕ್ಕ ಬಿಸಿ ಆರಿದ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದಳು.

“ಎರಡ ವಾರದಾಗ ಒಬ್ಬ ಗಂಡಸನ್ನ ದೇವ್ರು ಕಳಿಸಿದ್ದ. ನೀ ಅವನ ಕಡೆ ಕಾಗದ ಕೇಳಿದಿ.”

ಬುಧವಾರ ಕುಷ್ಟಗಿಯಿಂದ ಪತ್ರ ಬಂತು, ಎರಡು ಸಹಿ, ದುಂಡಗಿನ ಸೀಲು. ಬಾಗಿಲು ಕೂಡಿಸಿ ಮುಗಿಸಿ ಅಣ್ಣ ಮಂಗಳವಾರವೇ ಹೋಗಿಬಿಟ್ಟಿದ್ದ.

ಹೊಟ್ಟೆಯ ಪ್ರಶ್ನೆ

ಹೊರಗಿನವರನ್ನು ಯಾಕೆ ಹುಡುಕಬೇಕು? ಮನೆಯಲ್ಲೇ ಒಬ್ಬನಿದ್ದನಲ್ಲ. ನಮ್ಮ ಮಾಮ, ಅಕ್ಕನ ಗಂಡ, ಟ್ರ್ಯಾಕ್ಟರ್ ಹೊಡೆಯುವವನು. ಸಭೆಯ ಮನೆತನದಲ್ಲೇ ಹುಟ್ಟಿದವನು. ಹನ್ನೆರಡು ವರ್ಷದಿಂದ ಪ್ರತಿ ರವಿವಾರ ಅಕ್ಕನನ್ನು ಬಿಟ್ಟು, ಹೊರಗೆ ಬೇವಿನ ಗಿಡದ ಕೆಳಗೆ ಮೊಬೈಲು ನೋಡುತ್ತ ಕೂಡುತ್ತಾನೆ. ದೀಕ್ಷಾಸ್ನಾನ ಆಗಿಲ್ಲ, ಹಾಗಾಗಿ ಸಭೆಯ ಲೆಕ್ಕಕ್ಕಿಲ್ಲ. ನಂಬಿಕೆ ಇಲ್ಲ ಅಂತಲ್ಲ. ಸಣ್ಣವನಿದ್ದಾಗ ಬಾವಿಯಲ್ಲಿ ಬಿದ್ದಿದ್ದ. ನಮ್ಮಲ್ಲಿ ಪೂರ್ತಿ ಮುಳುಗಿಸಬೇಕು, ಅವನಿಗೆ ತುಂಬಿದ ಬಕೀಟು ಕಂಡರೂ ಎದೆ ಹಾರುತ್ತದೆ.

“ಮಾಮಾ, ಒಂದ ಕ್ಷಣ. ಮುಳುಗಿ ಎದ್ರ ಸಭೆ ಉಳೀತೈತಿ.”

“ಮುಳುಗೂದು ನನಗೂ ಬರ್ತೈತಿ. ಏಳೂದರದ್ದ ಚಿಂತಿ,” ಅಂದ.

ಅಕ್ಕ ಮೂರು ದಿನ ಅವನ ಜತೆ ಮಾತು ಬಿಟ್ಟಳು. ನಾಲ್ಕನೇ ದಿನ ಒಪ್ಪಿದ. ಗಂಗಾವತಿ ಕಡೆಯ ಕಾಲುವೆಯಲ್ಲಿ ಎಂದು ನಿಶ್ಚಯಿಸಿ, ಗುಂಪಿನಲ್ಲಿ ಸುದ್ದಿ ಹಾಕಿ, ಟಾಟಾ ಏಸ್ ತುಂಬ ಜನರನ್ನು ಹೇರಿಕೊಂಡು ಹೊರಟೆ. ಹೋಗಿ ನೋಡಿದರೆ ಕಾಲುವೆಗೆ ನೀರು ನಿಲ್ಲಿಸಿದ್ದಾರೆ! ಊರೂರಿನ ಸುದ್ದಿ ಬರೆಯುವ ನನಗೆ ಅದೊಂದು ಸುದ್ದಿ ಗೊತ್ತಿರಲಿಲ್ಲ. ತಳದಲ್ಲಿ ಗೇಣು ಆಳದ ನೀರು. ಮಾಮನ ಮುಖದಲ್ಲಿ ಅಂಥ ಆನಂದವನ್ನು ಅವನ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ಗಂಗಾವತಿಯ ಹಿರಿಯರು ತೆಲುಗು ಮನೆಯವರು. “ಪರವಾಲೇದು, ಮಲಗಿಸ್ರಿ,” ಅಂದರು.

ಮಲಗಿಸಿದೆವು. ತಲೆ ಮುಳುಗಿತು, ಕಾಲು ಮುಳುಗಿದವು. ಹೊಟ್ಟೆ ನಡುಗಡ್ಡೆಯ ಹಾಗೆ ಮೇಲೆ ನಿಂತಿತು. ಹೊಟ್ಟೆ ಒತ್ತಿದರೆ ಪಾದ ಮೇಲೆ, ಪಾದ ಒತ್ತಿದರೆ ತಲೆ ಮೇಲೆ. ನಾನು ಚೊಂಬಿನಲ್ಲಿ ನೀರು ತಂದು ಹೊಟ್ಟೆಯ ಮೇಲೆ ಸುರಿಯಲು ಹೋದೆ. “ಏ! ಸುರಿಯೂದು ಬ್ಯಾರೆ ಚರ್ಚಿನವರ ಪದ್ಧತಿ!” ಎಂದು ನಾಲ್ಕು ಜನ ಒಟ್ಟಿಗೆ ಕೈ ಹಿಡಿದರು. ದಂಡೆಯ ಮೇಲೆ ಅರ್ಧ ತಾಸು ಚರ್ಚೆ ನಡೆಯಿತು. ನೀರಿನಲ್ಲಿ ಹಳೇ ಮನುಷ್ಯ ಸತ್ತು ಹೊಸ ಮನುಷ್ಯ ಏಳಬೇಕು ಎನ್ನುವುದು ನಮ್ಮ ನಂಬಿಕೆ. ಗುಂಪಿನ ಸುದ್ದಿ ಓದಿ ಬಂದಿದ್ದ ಕುಷ್ಟಗಿ ಹಿರಿಯರು ಕೊನೆಗೆ ತೀರ್ಪು ಕೊಟ್ಟರು.

“ಎಲ್ಲಾ ಹೊಸಾದಾಗೈತಿ. ಹೊಟ್ಟಿಯೊಳಗ ಮಾತ್ರ ಹಳೇ ಮನುಷ್ಯಾ ಉಳಕೊಂಡಾನ.”

ನಾನು ಗುಂಪಿನಲ್ಲಿ ಬರೆದೆ: ‘ಒಬ್ಬ ಸಹೋದರರ ದೀಕ್ಷಾಸ್ನಾನ ಭಾಗಶಃ ನೆರವೇರಿತು.’

ಒಂದೇ ನೀರು

ಆ ಪ್ರವಾಸದಲ್ಲಿ ಒಂದು ಲಾಭವಾಯಿತು. ಗಂಗಾವತಿ ಹತ್ತಿರದ ಶ್ರೀರಾಮನಗರದ ಗದ್ದೆಯವರೊಬ್ಬರು, ಒಳ್ಳೆಯ ಸಹೋದರರು, ನಮ್ಮ ಗೋಳು ಕೇಳಿ ಬಂದರು. ಪತ್ರ ಸಮೇತ! ಕಾಲುವೆ ಬಂದ್ ಇದ್ದದ್ದರಿಂದ ಅವರಿಗೆ ಕೆಲಸವಿರಲಿಲ್ಲ. ಎರಡು ರವಿವಾರ ನಮ್ಮಲ್ಲಿ ರೊಟ್ಟಿ ಮುರಿದರು. ತೆಲುಗಿನಲ್ಲಿ ತಾಸುಗಟ್ಟಲೆ ಪ್ರಾರ್ಥಿಸಿದರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ, ಆದರೂ ಅಕ್ಕ ಕಣ್ಣೊರೆಸಿಕೊಂಡಳು. ಇನ್ನು ಏಳೆಂಟು ವಾರ ಇವರಿದ್ದರೆ ಸಾಕು ಅಂದುಕೊಂಡೆ.

ಮೂರನೇ ವಾರ ಕಾಲುವೆಗೆ ನೀರು ಬಿಟ್ಟರು. ಆ ಸಹೋದರರು ನಾಟಿ ಮಾಡಲು ಓಡಿದರು. ನಾನು ಮಾಮನ ಕಡೆ ಓಡಿದೆ: “ಮಾಮಾ, ನೀರು ಬಂತು, ಹೊಟ್ಟಿ ತಗೊಂಡು ಬಾ!” ಅವನು ಬಂದ, ದಂಡೆಯ ಮೇಲೆ ನಿಂತು ತುಂಬಿ ಹರಿಯುವ ಕಾಲುವೆಯನ್ನು ನೋಡಿದ, ಸೀದಾ ಗಾಡಿ ಹತ್ತಿ ಕೂತ.

“ಇಷ್ಟ್ಯಾಕ ಬಿಟ್ಟಾರ? ನನಗ ಹೊಟ್ಟಿಗಷ್ಟ ಬೇಕಾಗಿತ್ತು.”

ನನ್ನ ಇಬ್ಬರು ಗಂಡಸರನ್ನೂ ಒಂದೇ ನೀರು ಒಯ್ದಿತು.

ಬಾಯಿ ಮುಚ್ಚಿದ ದಿನ

ಮೂರು ತಿಂಗಳ ಕೊನೆಯ ರವಿವಾರ. ನಾಲ್ಕೂ ಊರಿನ ಹಿರಿಯರು ನೋಡಲು ಬರುತ್ತಾರೆಂದು ಸುದ್ದಿ. ನಾನು ಸೋಲುವವನಲ್ಲ. ಮಾಮನೂ ನಾನೂ ಸೇರಿ ನಮ್ಮ ಸೊಂಟ ಮುರಿದ ಹಿರಿಯರನ್ನು ಮಂಚದ ಸಮೇತ ಹೊತ್ತು ತಂದು ಗಂಡಸರ ಕಡೆ ಇಟ್ಟೆವು. “ನೋಡ್ರಿ, ಇಬ್ಬರಾದ್ವಿ!” ಅಂದೆ. ಹಿರಿಯರು ಮುಖ ಮುಖ ನೋಡಿಕೊಂಡರು. “ಆತು. ನಡಸ್ರಿ ನೋಡೂಣು,” ಅಂದರು. ಅಕ್ಕ ಸೆರಗಿನೊಳಗೇ ನಕ್ಕಳು.

ಕೂತೆವು. ಮೇಜಿನ ಮೇಲೆ ರೊಟ್ಟಿ, ಬಿಳಿ ಬಟ್ಟೆ. ನಾನು ಏಳಬೇಕೆಂದಿದ್ದೆ, ದೇವರಾಣೆ. ಆದರೆ ನಾಲ್ಕು ದೊಡ್ಡ ಹಿರಿಯರು ಎದುರಿಗಿದ್ದಾರೆ. ಇವರ ಮುಂದೆ ನಾನು ಮೊದಲು ಎದ್ದರೆ ‘ಜಂಬದವ’ ಅಂತಾರೆ, ಒಂದು ದಿನವಾದರೂ ತಗ್ಗಿ ನಡೆಯೋಣ ಅಂದುಕೊಂಡೆ. ಅವರೋ ಈ ಊರಿನ ಸಹೋದರರು ಏಳುತ್ತಾರೋ ಇಲ್ಲವೋ ನೋಡಲೆಂದೇ ಬಂದವರು, ಹಾಗಾಗಿ ಏಳಲಿಲ್ಲ. ಒಂದು ತಾಸಾಯಿತು. ಅಕ್ಕ ಕೆಮ್ಮಿದಳು. ಆರೂ ಜನ ಕೆಮ್ಮಿದರು. ನಾನು ಇನ್ನೂ ತಗ್ಗಿ ಕೂತೆ. ಕೊನೆಗೆ ಅಕ್ಕನ ಡಬ್ಬಿ ಬಿತ್ತು.

ಮಂಚದ ಮೇಲಿಂದ “ಆಮೆನ್!” ಕೇಳಿಬಂತು.

ರೂಢಿ ನೋಡಿ, ನಾಲ್ಕೂ ಹಿರಿಯರು ತಟ್ಟನೆ “ಆಮೆನ್” ಅಂದು ಎದ್ದು ನಿಂತರು. ಆಮೆನ್ ಆದಮೇಲೆ ಸಭೆ ಮುಗಿದಂತೆ. ಬಟ್ಟೆ ಹೊದ್ದ ರೊಟ್ಟಿ ಇದ್ದಲ್ಲೇ ಇತ್ತು.

ಹೊರಗೆ ಕೊಪ್ಪಳದ ಹಿರಿಯರು ನನ್ನ ಹೆಗಲ ಮೇಲೆ ಕೈ ಇಟ್ಟರು. ಅವರಿಗೂ ಸಂಕಟವಾಗಿತ್ತು. “ಏನ್ಮಾಡೂದು ತಮ್ಮಾ? ಏಳಾಕ ಒಬ್ಬ ಗಂಡಸೂ ಇಲ್ಲ ಇಲ್ಲಿ.”

ಹುಟ್ಟಿದಾಗಿನಿಂದ ನಾನು ತಗ್ಗಿ ನಡೆಯಲೆಂದು ಬಾಯಿ ಮುಚ್ಚಿಕೊಂಡು ಕೂತದ್ದು ಆ ಒಂದೇ ದಿನ. ಆವತ್ತೇ ಸಭೆಯೂ ಮುಚ್ಚಿತು.

ಹಿಂದಿನ ಬೆಂಚು

ಕೀಲಿ ಹಾಕುವ ಮುಂಚೆ ಆರೂ ಸಹೋದರಿಯರಿಗೆ ಯಲಬುರ್ಗಾ ಸಭೆಗೆ ಪತ್ರ ಬರೆದೆ. ಮಂಚದ ಬಳಿ ಕೂತು ಹಿರಿಯರ ಕೈ ಹಿಡಿದು ಸಹಿ ಮಾಡಿಸಿದೆ, ನನ್ನದನ್ನೂ ಹಾಕಿದೆ. ಎಂಥ ಅಕ್ಷರ ಅಂತೀರಿ! ಮುತ್ತು.

“ನಿಂದು ಬರ್ಕೊಂಡಿಯೇನೋ?” ಅಂದಳು ಅಕ್ಕ.

“ನನಗ್ಯಾಕ ಬೇಕ? ನಾಲ್ಕು ತಾಲ್ಲೂಕಿನ ಸಭೆಯಾಗ ನನ್ನ ಹೆಸರು ಗೊತ್ತಿಲ್ಲದವರು ಯಾರದಾರ?”

ತಗಡಿನ ಕೋಣೆಗೆ ಕೀಲಿ ಹಾಕಿದೆ. ಕೀಲಿ ಹಳೆಯದು, ಮೂರು ಸಲ ತಿರುವಬೇಕಾಯಿತು. ಮುಂದಿನ ರವಿವಾರ ಮಾಮನ ಟ್ರ್ಯಾಕ್ಟರಿನಲ್ಲಿ ಎಲ್ಲರೂ ಯಲಬುರ್ಗಾಕ್ಕೆ ಹೋದೆವು. ಬಾಗಿಲಲ್ಲಿ ಹಿರಿಯರು ಆರು ಪತ್ರ ಓದಿ ಆರು ಜನರನ್ನು ಮುಂದೆ ಕಳಿಸಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು.

“ಪತ್ರ?”

“ಏನ್ರೀ ಇದು? ನನ್ನ ಅಂಗಡಿಗೆ ಬಂದು ಚಾ ಕುಡದೀರಿ!”

“ಚಾ ಕುಡದೀನಿ. ಪತ್ರ?”

“ಇವತ್ತ ಬರಸ್ಕೊಂಡು ಬರ್ತೀನಿ ತಡೀರಿ.”

“ಯಾರ ಕಡೆ ಬರಸ್ತೀ? ಮುಚ್ಚಿದ ಸಭೆಯಿಂದ ಪತ್ರ ಬರೂದಿಲ್ಲಪಾ. ನಿನಗ ನೀನ ಬರಕೊಳ್ಳಾಕೂ ಬರೂದಿಲ್ಲ. ಹಿರೇರು ಕೂತು ಮಾತಾಡ್ತೀವಿ. ಅಲ್ಲೀ ತನಕ ಹಿಂದ ಕೂಡು.”

ನಿಯಮ ಅಂದರೆ ನಿಯಮ. ಹಿಂದಿನ ಬೆಂಚಿನಲ್ಲಿ ಕೂತೆ. ತಟ್ಟೆ ಕೈಯಿಂದ ಕೈಗೆ ಬಂತು. ಅಕ್ಕ ಮೂರು ತಿಂಗಳಲ್ಲಿ ಮೂರನೇ ಸಲ ರೊಟ್ಟಿ ಮುರಿದು ಬಾಯಿಗಿಟ್ಟಳು, ನನ್ನ ಕಡೆ ತಿರುಗಿ ನೋಡಲಿಲ್ಲ. ತಟ್ಟೆ ಕೊನೆಯ ಸಾಲಿನವನ ಕೈಗೆ ಬಂದು ನಿಂತಿತು. ಅವನು ತಿರುಗಿದ. ಕುಷ್ಟಗಿಯ ಬಡಗಿ ಅಣ್ಣ! ಯಲಬುರ್ಗಾದಲ್ಲಿ ಕಿಟಕಿ ಕೂಡಿಸಲು ಬಂದಿದ್ದನಂತೆ. ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಹಾಕಿಸಿದ ಪತ್ರ ಇಣುಕುತ್ತಿತ್ತು. ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸೆಳೆದುಕೊಂಡು, ನನಗೊಬ್ಬನಿಗೇ ಕೇಳುವಂತೆ ಅಂದ:

“ಟವೆಲ್ ಬ್ಯಾರೆ, ಪತ್ರ ಬ್ಯಾರೆ, ತಮ್ಮಾ.”

ನನ್ನ ಕಣ್ಣು ತುಂಬಿದವು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಬೆಂಚು ಕಿರ್ರೆಂದಿತು. ಮಾಮ. ಯಲಬುರ್ಗಾ ಸಭೆಯ ಹೊರಗೆ ಕೂಡಲು ಒಂದು ಗಿಡ ಇಲ್ಲ, ಬಿಸಿಲು ತಾಳದೆ ಒಳಗೆ ಬಂದಿದ್ದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಸಭೆಯ ಒಳಗೆ! ನನ್ನ ಪಕ್ಕ ಒತ್ತಿ ಕೂತು, ಬೆವರು ಒರೆಸಿಕೊಂಡು, ನನ್ನ ಕಿವಿಯಲ್ಲಿ ಹೇಳಿದ:

“ಎರಡನೇ ಗಂಡಸು ಬೇಕು, ಎರಡನೇ ಗಂಡಸು ಬೇಕು ಅಂತಿದ್ದಿಯಲ್ಲ. ತಗೋ, ಬಂದೀನಿ.”